ನೀಲಿ ನಿಲ್ಲೋವರೆಗೂ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಸೋಮವಾರ, ಎಂಟನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ಆಮೇಲೆ ಯಾವ ಊರಲ್ಲೂ ಆರು ತಿಂಗಳು ನಿಂತವನಲ್ಲ. ಹೋದಲ್ಲೆಲ್ಲ ಏನಾದರೊಂದು ಎಡವಟ್ಟು ಆಗದೇ ಇದ್ದದ್ದೂ ಇಲ್ಲ. ತೊಂಬತ್ತರ ಸುಮಾರಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆ ಹೊರುತ್ತಿದ್ದಾಗ ತಲೆ ಸುತ್ತಿ ಬಿದ್ದೆ. ಎತ್ತಿಕೊಂಡು ಹೋಗಿ ಮಂಗಳವಾರದ ಶುಗರ್ ಕ್ಲಿನಿಕ್ಕಿನಲ್ಲಿ ಮಲಗಿಸಿದರು. ಅಲ್ಲಿಗೆ ಡಾಕ್ಟರು ತಿಂಗಳಿಗೊಮ್ಮೆ. ಮಿಕ್ಕಿದ್ದೆಲ್ಲ ಸಿಸ್ಟರ್ ಒಬ್ಬರದೇ. ಟ್ಯೂಬಿನ ನೀಲಿ ಔಷಧಿಗೆ ನನ್ನ ಮೂತ್ರದ ಹನಿ ಬಿಟ್ಟು ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು.

"ಸಕ್ಕರೆ ಇದೆ ಕಣಪ್ಪ. ಈ ನೀಲಿ ನೀಲಿಯಾಗೇ ನಿಲ್ಲೋವರೆಗೂ ಊರು ಬಿಡಂಗಿಲ್ಲ. ಹಿಂಗೇ ಅಲೀತಿದ್ರೆ ಅಲೆಯೋಕೆ ಕಾಲೇ ಇರಲ್ಲ."

ಟ್ಯೂಬು ಕಾಯಿಸೋ ಕೆಲಸಕ್ಕೂ ನನ್ನನ್ನೇ ಹಾಕಿಕೊಂಡರು.

ಹುಳದ ಪಥ್ಯ

ಸಾದಲಿ ಕಡೆಯ ರೈತರೊಬ್ಬರಿಗೆ ಸಿಸ್ಟರ್ ಹೇಳಿದರು: "ರೇಷ್ಮೆಹುಳಕ್ಕೆ ಸೊಪ್ಪು ಹಾಕ್ತೀರಲ್ಲ, ಹಂಗೇ ಹೊತ್ತುಹೊತ್ತಿಗೆ ಅಳತೆಯಾಗಿ ತಿನ್ನಿ."

ಎರಡು ವಾರ ಬಿಟ್ಟು ಬಂದರೆ ಟ್ಯೂಬು ಕೆಂಪೋ ಕೆಂಪು.

"ಏನು ತಿಂದ್ರಿ ಯಜಮಾನ್ರೇ?"

"ನೀವು ಹೇಳಿದಂಗೇ ಅಮ್ಮ. ಹುಳ ಪೊರೆ ಬಿಡೋವಾಗ ಸೊಪ್ಪು ಮುಟ್ಟಲ್ಲ, ನಾನೂ ಉಪವಾಸ ಇದ್ದೆ. ಈಗ ಗೂಡು ಕಟ್ಟೋ ಮುಂಚೆ ಹಗಲೂ ರಾತ್ರಿ ಮೇಯ್ತಾವೆ. ಇನ್ನು ನಾಲ್ಕು ದಿನ ನನ್ನನ್ನೂ ತಡೀಬೇಡಿ!"

ಎರವಲು

ನನಗೆ ಕಾಲು ನಿಲ್ಲುತ್ತಿರಲಿಲ್ಲ. ಪಕ್ಕದಲ್ಲೇ ನೂಲು ತೆಗೆಯುವ ಚಾಚಾ ಇದ್ದರು, ಒಂದು ದಿನವೂ ಕಾಯಿಲೆ ಅಂತ ಮಲಗಿದವರಲ್ಲ. ಅವರ ಮೂತ್ರವಾದರೆ ನೀಲಿಯಾಗೇ ನಿಲ್ಲುತ್ತೆ ಅಂತ ಶೀಸೆ ಹಿಡಿದು ಹೋದೆ.

"ಅರೇ, ಇದನ್ನೂ ಸಾಲ ಕೇಳ್ತಾರೇನೋ? ತಗೋ!"

ನನ್ನದೆಂದು ಕಾಯಿಸಿದೆ. ನನಗಿಂತ ಕಡುಗೆಂಪು! ಸಿಸ್ಟರ್ ನನಗೆ ಚುಚ್ಚೋಕೆ ದೊಡ್ಡ ಸೂಜಿ ತೆಗೆದರು. "ನಂದಲ್ಲ ಸಿಸ್ಟರ್, ಚಾಚಾದು!" ಎಂದು ಬಾಯಿಬಿಟ್ಟೆ.

ಅವತ್ತೇ ಚಾಚಾಗೂ ಕ್ಲಿನಿಕ್ಕಿನ ಕಾರ್ಡಾಯಿತು. ಪ್ರತಿ ಮಂಗಳವಾರ ಸಾಲಿನಲ್ಲಿ ಕೂತು ಹೊಸಬರಿಗೆಲ್ಲ ಹೇಳೋರು: "ಇವನಿಗೆ ಉಪಕಾರ ಮಾಡೋಕೆ ಹೋಗಿ ನನಗೆ ಈ ಸಕ್ಕರೆ ಅಂಟ್ಕೊಂಡ್ತು!"

ಹೊರಟದ್ದು

ಅಳತೆಯ ಮುದ್ದೆ, ಬಸ್ಸಾರು, ಮಾತ್ರೆ, ಬೆಳಗಿನ ನಡಿಗೆ. ನಾಲ್ಕನೇ ತಿಂಗಳು ನನ್ನದೇ ಮೂತ್ರ, ನನ್ನದೇ ಟ್ಯೂಬು, ನೀಲಿ ನೀಲಿಯಾಗೇ ನಿಂತಿತು. ಸಂಜೆಯೇ ಚೀಲಕ್ಕೆ ಬಟ್ಟೆ ತುಂಬತೊಡಗಿದೆ.

ಸಿಸ್ಟರ್ ತಡೆಯಲಿಲ್ಲ. "ಸಕ್ಕರೆ ಹೋಗಿಲ್ಲ, ಹಿಡಿತಕ್ಕೆ ಬಂದಿದೆ ಅಷ್ಟೆ" ಎಂದು ಒಂದು ಕಾರ್ಡು ಕೊಟ್ಟರು. "ಚಿಕ್ಕಬಳ್ಳಾಪುರಕ್ಕೆ ಹೋದ್ರೆ ಕ್ಲಿನಿಕ್ಕು ಬುಧವಾರ. ಚಿಂತಾಮಣಿ ಗುರುವಾರ. ಗೌರಿಬಿದನೂರು ಶುಕ್ರವಾರ. ಎಲ್ಲಾ ಕಡೆ ನನ್ನ ಜತೆ ಓದಿದ ನರ್ಸ್‌ಗಳೇ. ನೀನು ಬರಲಿಲ್ಲ ಅಂದ್ರೆ ನನಗೆ ಕಾಗದ ಬರುತ್ತೆ."

"ನಾನು ಆಂಧ್ರಕ್ಕೆ ಹೋಗೋದು, ಹಿಂದೂಪುರಕ್ಕೆ," ಎಂದೆ, ಗೆದ್ದವನಂತೆ.

ಸಿಸ್ಟರ್ ಕಾರ್ಡು ವಾಪಸು ತಗೊಂಡು ಕೆಳಗೆ ತೆಲುಗಿನಲ್ಲಿ ಒಂದು ಸಾಲು ಬರೆದರು.

"ಅಲ್ಲಿ ನಮ್ಮಕ್ಕ ಇದಾಳೆ. ಶನಿವಾರ. ಅವಳು ನನ್ನಷ್ಟು ಒಳ್ಳೆಯವಳಲ್ಲ."