ಒರೆಸುವವಳು, ಒರೆಸು ಅನ್ನುವವಳು

ಬಕೆಟ್ಟು, ಕೋಲು ಹಿಡಿದು ನಿಂತವಳ ಎದುರಿಗೆ ಜನ ಯಾವ ಮುಚ್ಚುಮರೆಯೂ ಇಲ್ಲದೆ ಇರುತ್ತಾರೆ. ಹಾಗಾಗಿ ನಗುವಂಥದ್ದು ನಮಗೆ ವಾರಕ್ಕೊಂದಾದರೂ ಸಿಗುತ್ತದೆ. ಅಲ್ಲೇ ನಗುವ ಹಾಗಿಲ್ಲ, ಅಷ್ಟೇ. ನೆಲ ಒರೆಸುತ್ತ ಒಬ್ಬಳೇ ನಗುವವಳನ್ನು ಕಂಡರೆ ಜನ ಬೇರೆ ಡಾಕ್ಟರನ್ನು ಕರೆಯುತ್ತಾರೆ.

ನಾನು ಮನ್ನಳ್ಳಿಯವಳು. ಬೀದರಿನ ಒಂದು ಖಾಸಗಿ ದವಾಖಾನೆಯಲ್ಲಿ ಹೌಸ್‌ಕೀಪಿಂಗ್ ಕೆಲಸ. ಪಗಾರ ಕೊಡುವುದು ದವಾಖಾನೆಯಲ್ಲ, ಠೇಕೇದಾರರು. ಬೀದರ, ಭಾಲ್ಕಿ, ಔರಾದ ಮೂರೂ ಕಡೆಯ ದವಾಖಾನೆಗಳಿಗೆ ಅವರೇ ನಮ್ಮಂಥವರನ್ನು ಕಳಿಸುತ್ತಾರೆ.

೧. ಬಡ್ತಿ

ಸೇರಿದ ಹೊಸದರಲ್ಲಿ ನಾನು 'ಕಸ ಗುಡಿಸೋ ಬಾಯಿ'. ವರ್ಷ ಕಳೆದ ಮೇಲೆ ಪಗಾರ ಹೆಚ್ಚು ಮಾಡ್ರಿ ಅಂದೆ. ಠೇಕೇದಾರರು ಬಹಳ ಹೊತ್ತು ವಿಚಾರ ಮಾಡಿ, "ಇವತ್ತಿನಿಂದ ನೀ ಕ್ಲೀನರ್," ಅಂದರು. ಮರುವರ್ಷ ಕೇಳಿದೆ, 'ಹೌಸ್‌ಕೀಪಿಂಗ್ ಸ್ಟಾಫ್' ಆದೆ. ಅದರ ಮರುವರ್ಷ ಕೇಳಿದ್ದಕ್ಕೆ ಕೊರಳಿಗೊಂದು ಕಾರ್ಡು ಬಂತು. ಅದರ ಮೇಲೆ 'ಹೌಸ್‌ಕೀಪಿಂಗ್ ಎಕ್ಸಿಕ್ಯೂಟಿವ್' ಅಂತ ಇತ್ತು. ಪಗಾರ ಮಾತ್ರ ಕಸ ಗುಡಿಸೋ ಬಾಯಿಯದೇ.

"ಹೆಸರು ಸಾಕ್ರಿ ಸಾಹೇಬ್ರ. ರೊಕ್ಕ ಬೇಕ್ರಿ," ಅಂದೆ.

"ರೊಕ್ಕ ಹೆಚ್ಚಾಗಬೇಕಂದ್ರ ಸೂಪರ್‌ವೈಜರ್ ಆಗಬೇಕವ್ವಾ. ಜಾಗಾ ಹ್ಯಾಂಗೂ ಖಾಲಿ ಅದ. ಮೂರೂ ಊರಾಗ ನಿನ್ನ ಕೆಲಸ ನೋಡ್ತೀನಿ. ಯಾರ ಬಾಯಿಂದನೂ ಕಂಪ್ಲೇಂಟ್ ಬರಬಾರದು ನೋಡು."

ನಮ್ಮ ಕೆಲಸದಲ್ಲಿ ಇರುವುದೇ ಎರಡು ಮೆಟ್ಟಿಲು. ಒರೆಸುವವರು, ಒರೆಸು ಅನ್ನುವವರು. ಎರಡನೆಯದು ನನಗೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಬೇಕಿತ್ತು. ಮೊಣಕಾಲು ಬಗ್ಗಲು ತಕರಾರು ಮಾಡುತ್ತಿದ್ದವು, ಮಗಳು ನರ್ಸಿಂಗ್ ಓದುತ್ತೇನೆ ಅಂತ ಹಟ ಹಿಡಿದಿದ್ದಳು. ಅವತ್ತು ಮನೆಗೆ ಹೋಗಿ ಸಂತೋಷದಿಂದ ಗಂಡನಿಗೆ ಹೇಳಿದೆ. ಅವನು ಊಟ ಬಿಟ್ಟು ನನ್ನ ಮುಖ ನೋಡಿದ.

"ಎಕ್ಸಿಕ್ಯೂಟಿವ್ ಇದ್ದಾಕಿನ್ನ ಸೂಪರ್‌ವೈಜರ್ ಮಾಡ್ತಾರಾ? ಯಾಕ, ಏನ್ ತಪ್ಪು ಮಾಡಿದಿ?"

೨. ವಾಸನೆ

ಅದೇ ತಿಂಗಳು ದವಾಖಾನೆಯವರು ಫಿನಾಯಿಲ್ ಬಿಟ್ಟು ವಾಸನೆಯಿಲ್ಲದ ಹೊಸ ಔಷಧಿ ತಂದರು. ಬಹಳ ತುಟ್ಟಿಯದಂತೆ. ಒಬ್ಬ ರೋಗಿಯ ಜೊತೆ ಅವನ ಭಾವ ಉಳಿದುಕೊಂಡಿದ್ದ. ನಾನು ದಿನಾ ಅವನ ಮುಂದೆಯೇ ಒರೆಸುತ್ತಿದ್ದೆ, ಅವನು ದಿನಾ ಕಾಲೆತ್ತಿ ದಾರಿ ಕೊಡುತ್ತಿದ್ದ. ನಾಲ್ಕು ದಿನ ಹೀಗೆ ಕಾಲೆತ್ತಿದ ಮನುಷ್ಯ ಐದನೇ ದಿನ ಠೇಕೇದಾರರಿಗೆ ಕಂಪ್ಲೇಂಟ್ ಮಾಡಿದ.

"ಈ ಕೋಣಿ ಯಾರೂ ಒರಸೇ ಇಲ್ರಿ."

"ನಿಮ್ಮ ಮುಂದs ಒರಸೀನಲ್ರೀ ಅಣ್ಣಾ?"

"ಒರಸಿದ್ರ ವಾಸ್ನಿ ಎಲ್ಲಿ ಅದ?"

ನನ್ನ ಸೂಪರ್‌ವೈಜರ್ ಕೆಲಸ ಒಂದು ವಾಸನೆಗೆ ಹೋಗುವ ಹಾಗಿತ್ತು. ಮರುದಿನ ಮನೆಯಿಂದ ಫಿನಾಯಿಲ್ ಬಾಟಲಿ ತಂದು, ಒರೆಸಿದ ಮೇಲೆ ಬಾಗಿಲ ಹತ್ತಿರ ಒಂದು ಮುಚ್ಚಳ ಚೆಲ್ಲಲು ಶುರು ಮಾಡಿದೆ. ಆಮೇಲೆ ಒಂದು ದಿನ ನಳಕ್ಕೆ ನೀರೇ ಬರಲಿಲ್ಲ. ನೀರಿಲ್ಲದೆ ಒರೆಸುವುದು ಹೇಗೆ? ಬರೀ ಮುಚ್ಚಳ ಚೆಲ್ಲಿ ಸುಮ್ಮನಾದೆ.

ಭಾವ ಉದ್ದಕ್ಕೆ ಉಸಿರೆಳೆದು ಠೇಕೇದಾರರಿಗೆ ಫೋನ್ ಹಚ್ಚಿದ. "ಇವತ್ತ ನೋಡ್ರಿ, ಒರಸೋದಂದ್ರ ಇದು!"

೩. ಎಕ್ಸರೇ

ನಮ್ಮ ಯುನಿಫಾರ್ಮ್ ನೀಲಿ. ಮನ್ನಳ್ಳಿಯವರ ಕಣ್ಣಿಗೆ ದವಾಖಾನೆಯಲ್ಲಿ ನೀಲಿ ಬಟ್ಟೆ ಉಟ್ಟವರೆಲ್ಲ ಅರ್ಧ ಡಾಕ್ಟರು. ನಮ್ಮೂರಿನ ಒಬ್ಬ ಆಯಿ ಕೆಮ್ಮುತ್ತ ಬಂದು, ಎಕ್ಸರೇ ತೆಗೆಸಿಕೊಂಡು, ಡಾಕ್ಟರ ಕೋಣೆ ದಾಟಿ ನೇರ ನನ್ನ ಬಕೆಟ್ಟಿನ ಹತ್ತಿರ ಬಂದಳು.

"ಏನದ ನೋಡವ್ವಾ ಇದರಾಗ."

"ನನಗ ತಿಳೀತದೇನ್ ಆಯಿ? ಡಾಕ್ಟರ್‌ಗ ತೋರ್ಸು."

"ಆಂವ ಮೊನ್ನಿ ಬಂದಾನ. ನೀ ಎಷ್ಟು ವರ್ಷದಾಕಿ ಇದ್ದಿ ಇಲ್ಲಿ!"

ಬಿಡಲಿಲ್ಲ. ಕಿಟಕಿಗೆ ಹಿಡಿದು ನೋಡಿದೆ. ಪಕ್ಕೆಲುಬಿನ ಹತ್ತಿರ ಒಂದು ಕಲೆ ಇತ್ತು. ದಾರಿಯಲ್ಲಿ ಚಹಾ ಚೆಲ್ಲಿಕೊಂಡಿದ್ದಳು ಅಂತ ಕಾಣುತ್ತದೆ. ಕಲೆ ಕಂಡರೆ ನನ್ನ ಕೈ ನಿಲ್ಲುವುದಿಲ್ಲ, ಭುಜದ ಮೇಲಿದ್ದ ಅರಿವೆಯಿಂದ ಒರೆಸಿ ಕೊಟ್ಟೆ. ಡಾಕ್ಟರು ಅದನ್ನು ನೋಡಿ, "ಏನೂ ಇಲ್ಲ ಆಯಿ, ಸ್ವಚ್ಛ ಅದ," ಅಂದರಂತೆ.

ಮುಂದಿನ ವಾರ ಮನ್ನಳ್ಳಿಯಿಂದ ನಾಲ್ಕು ಮಂದಿ ಎಕ್ಸರೇ ಹಿಡಿದು ಮೆಟ್ಟಿಲ ಕೆಳಗೆ ನನಗಾಗಿ ಕೂತಿದ್ದರು. ಡಾಕ್ಟರ್‌ಗೆ ತೋರಿಸ್ರಪ್ಪಾ ಅಂತ ಕೈಮುಗಿದೆ. ಒಬ್ಬಾತ ಅಲುಗಾಡಲಿಲ್ಲ.

"ತೋರಸ್ತೀನಿ, ತೋರಸ್ತೀನಿ. ಮೊದಲ ನೀ ಒರಸು."

೪. ಹಳದಿ ಬೋರ್ಡು

ಭಾಲ್ಕಿಯ ದವಾಖಾನೆಗೆ ಕಳಿಸುವಾಗ ಠೇಕೇದಾರರು ಒಂದು ಹಳದಿ ಬೋರ್ಡು ಕೊಟ್ಟರು. ಒದ್ದೆ ನೆಲದ ಮೇಲೆ ಇಡುವಂಥದ್ದು. ಒಬ್ಬ ಮನುಷ್ಯ ಕಾಲು ಮೇಲಾಗಿ ಬೀಳುತ್ತಿರುವ ಚಿತ್ರ ಅದರ ಮೇಲಿತ್ತು. ಇಟ್ಟು ಆಚೆ ಮೂಲೆ ಒರೆಸಿ ಬರುವುದರೊಳಗೆ ಅದರ ಹಿಂದೆ ಏಳೆಂಟು ಜನ ಸಾಲು ಹಿಡಿದಿದ್ದರು. ಒಬ್ಬನ ಕೈಗೆ ಪಟ್ಟಿ, ಒಬ್ಬಳ ಕಾಲಿಗೆ ಬಾವು.

"ಇಲ್ಲಿ ಯಾಕ ನಿಂತೀರಿ?"

"ಎಲುಬಿನ ಡಾಕ್ಟರ್ ಇಲ್ಲೇ ನೋಡ್ತಾರಲ್ರಿ? ಬೋರ್ಡು ಇಟ್ಟಾರಲ್ಲ."

ಅಲ್ಲ ಅಂತ ಹೇಳಿ ಬೋರ್ಡನ್ನು ಔಷಧಿ ಅಂಗಡಿಯ ಮುಂದಿಟ್ಟೆ. ಸಾಲು ಅಲ್ಲಿಗೆ ಬಂತು. ಮೆಟ್ಟಿಲ ಬುಡಕ್ಕೆ ಒಯ್ದೆ, ಕುಂಟುತ್ತ ಅಲ್ಲಿಗೂ ಬಂತು. ಅಷ್ಟರಲ್ಲಿ ಖಾಲಿ ಕೋಣೆಯಲ್ಲಿ ಕೂತು ಬೇಸತ್ತ ಎಲುಬಿನ ಡಾಕ್ಟರು ಹೊರಗೆ ಬಂದರು. ಕಂಪ್ಲೇಂಟ್ ಆಯಿತು, ನನ್ನ ಕಥೆ ಮುಗಿಯಿತು ಅಂತ ನಾನು ತಲೆ ತಗ್ಗಿಸಿದೆ. ಅವರು ಬೋರ್ಡನ್ನು ಸುತ್ತ ತಿರುಗಿ ನೋಡಿ, ಕಂಕುಳಲ್ಲಿ ಇರುಕಿಕೊಂಡು ಹೋಗಿ ತಮ್ಮ ಬಾಗಿಲ ಮುಂದೆ ಇಟ್ಟುಕೊಂಡರು.

"ಮತ್ತ ಒದ್ದಿ ನೆಲಕ್ಕ ಏನ್ ಇಡಲ್ರೀ ಸರ? ಯಾರರೆ ಜಾರಿ ಬಿದ್ರ?"

"ಬೀಳಲಿ ಬಿಡವ್ವಾ. ಬಂದೇ ಬರ್ತಾರ ಇಲ್ಲಿಗೆ."

೫. ಔರಾದದ ಸಂಡಾಸ

ಔರಾದದ ಸಣ್ಣ ದವಾಖಾನೆಗೆ ಸ್ವಚ್ಛತೆ ನೋಡಲು ಒಬ್ಬ ದೊಡ್ಡ ಸಾಹೇಬರು ಬರುವವರಿದ್ದರು. "ಇದೊಂದು ಪಾಸಾದ್ರ ಸೂಪರ್‌ವೈಜರ್ ನೀನs," ಅಂದರು ಠೇಕೇದಾರರು. ಹಿಂದಿನ ದಿನವೇ ಹೋಗಿ ಎರಡೂ ಸಂಡಾಸು ಮುಖ ಕಾಣುವ ಹಾಗೆ ತಿಕ್ಕಿದೆ. ಬೆಳಿಗ್ಗೆ ಅವನ್ನು ನೋಡಿ ಠೇಕೇದಾರರು ಗಾಬರಿಯಾದರು. "ಇಷ್ಟು ಛಲೋ ಆಗ್ಯಾವ. ಯಾರರೆ ಒಳಗ ಹೋದ್ರ ಏನ್ ಗತಿ?" ತಾವೇ ಎರಡಕ್ಕೂ ಕೀಲಿ ಹಾಕಿ ಚಾವಿ ಅಂಗಿಯ ಜೇಬಿಗಿಳಿಸಿದರು. ರೋಗಿಗಳಿಗೆ ಬಸ್‌ಸ್ಟ್ಯಾಂಡಿನ ದಾರಿ ತೋರಿಸಲಾಯಿತು.

ಆಮೇಲೆ ಠೇಕೇದಾರರು ಸಾಹೇಬರಿಗಾಗಿ ಹೊಸ ಅಂಗಿ ತೊಟ್ಟು, ಹಳೆಯದನ್ನು ಕಾರಿನಲ್ಲಿ ಬಿಟ್ಟರು. ಕಾರು ಹಾರ, ಶಾಲು ತರಲು ಬೀದರಿಗೆ ಹೋಯಿತು.

ಕಾರು ತಿರುಗಿ ಬರುವ ಮೊದಲೇ ಸಾಹೇಬರು ಬಂದರು. ಬಂದ ಕೂಡಲೇ ಅವರಿಗೆ ಚಹಾ ಆಯಿತು, ವಾರ್ಡು ನೋಡಿದ ಮೇಲೆ ಮಜ್ಜಿಗೆ, ಔಷಧಿ ಕೋಣೆ ನೋಡಿದ ಮೇಲೆ ಮತ್ತೆ ಚಹಾ. ಕೊನೆಗೆ ಅವರು, "ಸಂಡಾಸ ತೋರಸ್ರಿ," ಅಂದರು.

"ನೋಡ್ಲಿಕ್ಕೇನ್ರಿ ಸಾಹೇಬ್ರ?"

"ಹೋಗ್ಲಿಕ್ಕೆ."

ಠೇಕೇದಾರರು ಜೇಬು ಮುಟ್ಟಿಕೊಂಡರು. ಹೊಸ ಅಂಗಿಯ ಜೇಬಿನಲ್ಲಿ ಏನೂ ಇರಲಿಲ್ಲ. ಅವರ ಮುಖ ನೋಡಿಯೇ ನನಗೆ ತಿಳಿಯಿತು.

"ಬರ್ರಿ ಸಾಹೇಬ್ರ, ಹತ್ತರದಾಗs ಒಂದು ಅದ," ಅಂತ ಬಕೆಟ್ಟು ಎತ್ತಿಕೊಂಡು ನಾನು ಮುಂದೆ ನಡೆದೆ. ಸಾಹೇಬರು ಹಿಂದೆ, ಅವರ ಹಿಂದೆ ಠೇಕೇದಾರರು. ಬಸ್‌ಸ್ಟ್ಯಾಂಡಿನ ಸಂಡಾಸಿನ ಮುಂದೆ ನಮ್ಮ ದವಾಖಾನೆಯೇ ಸಾಲು ನಿಂತಿತ್ತು. ಒಬ್ಬ ಅಜ್ಜ ಸಲಾಯಿನ್ ಬಾಟಲಿಯನ್ನು ಮೊಮ್ಮಗಳ ಕೈಗೆ ಕೊಟ್ಟು ನಿಂತಿದ್ದ. ಹಿಂದೆ ಬಂದು ನಿಂತು ಕಾಲು ಬದಲಿಸುತ್ತಿದ್ದ ಸಾಹೇಬರನ್ನು ಅವನು ಕರುಣೆಯಿಂದ ನೋಡಿದ.

"ನೀವ್ ಯಾವ ವಾರ್ಡಿನವರ್ರಿ?"

ನಾನು ಸಾಲಿನವರಿಗೆ ಕೈಮುಗಿದು ಒಳಗೆ ನುಗ್ಗಿದೆ. ಒಳಗಿದ್ದದ್ದನ್ನು ಬರೆಯುವುದಿಲ್ಲ. ಎರಡು ಬಕೆಟ್ ನೀರು ಹೊಡೆದು, ತಿಕ್ಕಿ, ಬಾಗಿಲು ಹಿಡಿದು ಸಾಹೇಬರನ್ನು ಕರೆದೆ. ಅವರು ಹೊರಗೆ ಬಂದಾಗ ಬೇರೆಯೇ ಮನುಷ್ಯರಾಗಿದ್ದರು.

"ಈ ಹೆಣ್ಮಗಳು ಯಾರ್ರಿ?"

"ನಮ್ಮ ಸೂಪರ್‌ವೈಜರ್ ರೀ ಸಾಹೇಬ್ರ," ಅಂದುಬಿಟ್ಟರು ಠೇಕೇದಾರರು. ಅಷ್ಟು ಜನರ ಮುಂದೆ ಆಡಿದ ಮಾತು, ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ದವಾಖಾನೆಯೂ ಪಾಸಾಯಿತು. ದವಾಖಾನೆಯ ಸಂಡಾಸು ಬಹಳ ಸ್ವಚ್ಛ ಅಂತ, ಅದರ ಬಾಗಿಲನ್ನೂ ತೆರೆಯದ ಸಾಹೇಬರು ಹೇಳಿ ಹೋದರು.

ತಿಂಗಳ ಮೊದಲ ದಿನ ಬೀದರಿನಲ್ಲಿ ಠೇಕೇದಾರರ ಮುಂದೆ ನಿಂತೆ. ಪಗಾರ ಖರೇನೇ ಹೆಚ್ಚಾಗಿತ್ತು. ಕಣ್ಣಲ್ಲಿ ನೀರು ಬಂತು.

"ನನ್ನ ಕೈಕೆಳಗ ಯಾರ್ಯಾರು ಬರ್ತಾರ್ರಿ ಸಾಹೇಬ್ರ?"

ಅವರು ತಲೆ ಕೆರೆದುಕೊಂಡರು. "ನಿನ್ನ ಜಾಗಾಕ್ಕ ಇನ್ನಾ ಯಾರೂ ಸಿಕ್ಕಿಲ್ಲವ್ವಾ. ಸಿಗೋತನಕ ಅದನ್ನೂ ನೀನs ಮಾಡು."

ಹಾಗಾಗಿ ಈಗ ನನ್ನ ಕೈಕೆಳಗೆ ಒಬ್ಬಳೇ ಇದ್ದಾಳೆ, ಅದೂ ನಾನೇ. ಕೆಲಸಕ್ಕೆ ಪರವಾಗಿಲ್ಲ, ಗೊಣಗುವುದು ಸ್ವಲ್ಪ ಜಾಸ್ತಿ. ಮೊನ್ನೆ ಮೊಣಕಾಲು ನೋವು ಅಂತ ಎರಡು ದಿನ ರಜೆ ಕೇಳಿದಳು.

ಕೊಡಲಿಲ್ಲ.