ಗೋದಲಿಯ ಮುಂದೆ ನನ್ನ ಪೇಟಿ

“ಈ ವರ್ಷದ ಕ್ರಿಸ್‌ಮಸ್ಸಿಗೆ ಸಂಗೀತ ಅಂದ್ರ ಏನು ಅಂತ ಇಡೀ ಆಳಂದಕ್ಕ ತೋರಸ್ತೇನಿ!”

ಎಂಬತ್ತೇಳರ ಡಿಸೆಂಬರಿನಲ್ಲಿ ನಾನು ಈ ಭೀಷ್ಮಪ್ರತಿಜ್ಞೆ ಮಾಡಿದ್ದು ನಮ್ಮ ಓಣಿಯ ನಟ್ಟನಡುವೆ, ಬೇವಿನ ಕಡ್ಡಿಯನ್ನು ಖಡ್ಗದಂತೆ ಮೇಲೆತ್ತಿ. ಅದಕ್ಕೆ ಕಾರಣ ಎದುರು ಮನೆಯ ದರ್ಜಿ ಯಾಕೂಬಸಾಬ. ಅವನ ಅಳಿಯ ಸೌದಿಯಿಂದ ಒಂದು ಟೇಪ್‌ರೆಕಾರ್ಡರ್ ಕಳಿಸಿದ್ದ. ಎಮ್ಮೆಗರುವಿನಷ್ಟು ದೊಡ್ಡದು! ಬೆಳಗಾಗುವುದೇ ತಡ, ಅದು ಒದರಲು ಶುರುಮಾಡುತ್ತಿತ್ತು.

ನಾನೋ ಸಂಗೀತಗಾರ! ನನ್ನ ಮತದಲ್ಲಿ ಸಂಗೀತವೆಂದರೆ ಮನುಷ್ಯ ಎದುರಿಗೆ ಕುಳಿತು ಹಾಡಬೇಕು. ಬೆವರಬೇಕು, ಕೆಮ್ಮಬೇಕು, ನಡುವೆ ನೀರು ಕುಡಿಯಬೇಕು. ಡಬ್ಬಿಯೊಳಗಿನಿಂದ ಬರುವುದು ಸಂಗೀತವಲ್ಲ, ಉಪ್ಪಿನಕಾಯಿ!

“ಯಾಕೂಬಸಾಬ, ಬಂದ್ ಮಾಡ್ರಿ ಅದನ್ನ!”

“ಅರೇ ದೌಲತರಾಯರ, ಆವಾಜ್ ಎಷ್ಟು ಸಾಫ್ ಅದ ಕೇಳ್ರಿ! ಗವಾಯಿ ಉಸರು ತಗೊಂಡದ್ದೂ ಕೇಳಸ್ತದ.”

“ಉಸರು ಕೇಳಬೇಕಂದ್ರ ನಾ ದವಾಖಾನಿಗೆ ಹೋಗ್ತೇನಿ!”

ಅವನು ನಕ್ಕು ಇನ್ನಷ್ಟು ಜೋರು ಮಾಡಿದ. ನನ್ನ ರಕ್ತ ಕುದಿಯಿತು.

ಅದೇ ದಿನ ಸಂಜೆ ದಾನಿಯೇಲಪ್ಪ ಮಾಸ್ತರರು ಮನೆಗೆ ಬಂದರು. ನಮ್ಮ ಹಿಂದಿನ ಓಣಿಯವರು. ಶಾಲೆಯಲ್ಲಿ ಪಾಠ, ಊರಂಚಿನ ಸಣ್ಣ ಚರ್ಚಿನಲ್ಲಿ ಹಾಡು. ಅಲ್ಲಿಯ ಹಾಡೆಂದರೆ ನಮ್ಮ ಭಜನೆಯ ಹಾಗೆಯೇ: ಪೇಟಿ ಅಂದರೆ ಹಾರ್ಮೋನಿಯಂ, ತಬಲಾ, ತಾಳ. ಪಾಪ, ಚರ್ಚಿನ ಪೇಟಿಯ ತಿದಿ ಹರಿದು ರಿಪೇರಿಗೆಂದು ಸೊಲ್ಲಾಪುರಕ್ಕೆ ಹೋಗಿತ್ತು. ಹೋದದ್ದು ಹೋಗಿಯೇ ಬಿಟ್ಟಿತ್ತು!

“ನಮ್ಮ ಹುಡುಗರು, ಯಾಕೂಬಸಾಬರ ಟೇಪ್ ತಂದು ಕ್ಯಾಸೆಟ್ ಹಚ್ಚೂಣು ಅನ್ನಾಕತ್ತಾರ್ರಿ. ನನಗ ಮನಸ್ಸು ಒಪ್ಪವಲ್ದು. ನಿಮ್ಮ ಪೇಟಿ ಒಂದು ಸಂಜೀಗೆ ಕೊಟ್ರ...”

“ಏನು! ದೇವರ ಮಗ ಹುಟ್ಟಿದ ದಿನಕ್ಕ ಉಪ್ಪಿನಕಾಯಿ ಹಾಡೇನ್ರಿ?” ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಪೇಟಿ ಕೊಡ್ತೇನಿ. ಆದ್ರ ಪೇಟಿ ಒಂದ ಬರೂದಿಲ್ಲ, ಅದರ ಹಿಂದ ನಾನೂ ಬರ್ತೇನಿ. ಮದುಮಗನ್ನ ಮನ್ಯಾಗ ಬಿಟ್ಟು ಕುದುರಿ ಒಂದ ಮದವಿಗೆ ಹೋಗ್ತದೇನು?”

ಮಾಸ್ತರರ ಮುಖ ಸ್ವಲ್ಪ ಸಣ್ಣದಾಯಿತು. “ನೀವು ಇನ್ನೂ ಬಾರಸ್ತೀರೇನ್ರಿ?” ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಎಂಥ ಪ್ರಶ್ನೆ! ಮದುವೆಗೆ ಮುಂಚೆ ನಾನು ಅಫಜಲಪುರದಲ್ಲಿ ಒಬ್ಬ ಭಜನೆಯ ಗುರುಗಳ ಹತ್ತಿರ ಕಲಿತವನು. ನನಗೆ ಬರುತ್ತಿದ್ದದ್ದು ಒಂದೇ ರಾಗ, ನಿಜ. ಆದರೆ ಅದನ್ನು ಎಷ್ಟು ಗಟ್ಟಿಯಾಗಿ ಬಾರಿಸುತ್ತಿದ್ದೆನೆಂದರೆ ಉಳಿದ ರಾಗಗಳ ಕೊರತೆ ಯಾರಿಗೂ ಕಾಣುತ್ತಿರಲಿಲ್ಲ.

ಒಳಗಿನಿಂದ ನನ್ನ ಹೆಂಡತಿ ಸುಮಿತ್ರಾಬಾಯಿ ಚಹಾ ತಂದವಳು ಈ ಮಾತು ಕೇಳಿ ಬಾಗಿಲಲ್ಲೇ ನಿಂತಳು.

“ಪೇಟಿ ಒಯ್ಯಾವ್ರೇನು? ತಡ್ರಿ ಹಂಗಾದ್ರ, ನಾ ಒಮ್ಮೆ ಅದನ್ನ...”

“ಮುಟ್ಟಬ್ಯಾಡ! ಅದು ವಾದ್ಯ, ರುಬ್ಬೂ ಒಳ್ಳಲ್ಲ!”

“ಒರಸಿ ಕೊಡ್ತೇನಿ ಅಂದ್ನಿ. ಅದರೊಳಗ ನಾ...”

“ಅದರೊಳಗ ಸಪ್ತಸ್ವರ ಅದಾವ ಬೇ! ನಿನ್ನ ಅರಿವಿ ತಗಲಿದ್ರ ಕೆಡ್ತಾವ.”

ಸುಮಿತ್ರಾಬಾಯಿ ಒಂದು ಕ್ಷಣ ನನ್ನನ್ನೇ ನೋಡಿದಳು. “ಆತ್ರಿ. ಮುಟ್ಟೂದಿಲ್ಲ,” ಎಂದು ಚಹಾದ ಕಪ್ಪನ್ನು ಟಕ್ಕೆಂದು ಇಟ್ಟು ಹೋದಳು. ಆ ಟಕ್ ಶಬ್ದದಲ್ಲಿ ಎಷ್ಟು ಅರ್ಥವಿತ್ತೆಂದು ಆಗ ನನಗೆ ಹೊಳೆಯಲಿಲ್ಲ.

ಇಪ್ಪತ್ನಾಲ್ಕರ ಸಂಜೆ ಪೇಟಿ ಚರ್ಚಿಗೆ ಹೊರಟಿತು. ಒಮ್ಮೆಯಾದರೂ ಬಾರಿಸಿ ನೋಡಬೇಕೆಂದು ನನಗೇಕೆ ಅನ್ನಿಸಲಿಲ್ಲ ಎಂದು ನೀವು ಕೇಳಬಹುದು. ಹುಲಿ ಬೇಟೆಗೆ ಮುಂಚೆ ರಿಹರ್ಸಲ್ ಮಾಡುತ್ತದೆಯೇ? ಇಸ್ತ್ರಿ ಮಾಡಿದ ಜುಬ್ಬಾ, ಕೊರಳಿಗೆ ಶಾಲು, ಬಾಯಲ್ಲಿ ಎಲೆಯಡಿಕೆ. ಹಿಂದೆ ಸುಮಿತ್ರಾಬಾಯಿ, ತುಟಿ ಬಿಗಿಹಿಡಿದು.

ಚರ್ಚಿನ ಒಳಗೆ ಜಮಖಾನ ಹಾಸಿದ್ದರು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಮುಂದೆ ಜೋಳದ ಕಣಿಕೆಯ ಗೋದಲಿ, ಅದರಲ್ಲಿ ಬೊಂಬೆ ಕೂಸು, ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ ನಿಜವಾದ ಆಡಿನ ಮರಿ. ಮೊದಲ ಸಾಲಿನಲ್ಲಿ ಯಾರು ಕುಳಿತಿದ್ದರು ಹೇಳಿ? ಯಾಕೂಬಸಾಬ! ದೇವದೂತರ ವೇಷದ ಮಕ್ಕಳಿಗೆ ಬಿಳಿ ನಿಲುವಂಗಿ ಹೊಲಿದವನು ಅವನೇ ಅಂತೆ, ಅದಕ್ಕೇ ಕರೆದಿದ್ದರು. ಮಡಿಲಲ್ಲಿ ಸೌದಿಯ ಎಮ್ಮೆಗರು!

“ಅದ್ಯಾಕ ತಂದೀರಿ?”

“ಮಾಸ್ತರರು ಅಂದ್ರು, ಬೇಕಾದೀತು ಅಂತ.”

ಬೇಕಾದೀತು! ನಾನಿರುವಾಗ! ಸಿಟ್ಟು ನೆತ್ತಿಗೇರಿತು. ಪಾಸ್ಟರ್ ಸಾಹೇಬರು ಪ್ರಾರ್ಥನೆ ಮುಗಿಸಿ “ಈಗ ದೌಲತರಾಯರಿಂದ ಪೇಟಿ” ಎಂದರೆ, ನಾನು ಪೇಟಿ ಮುಟ್ಟುವ ಮೊದಲು ಒಂದು ಭಾಷಣವನ್ನೇ ಬಿಗಿದೆ. “ಜನರೇ, ಡಬ್ಬಿಯ ಹಾಡು ತಂಗಳ ರೊಟ್ಟಿ ಇದ್ದಂಗ. ಈಗ ನೀವು ಕೇಳೂದು ಬಿಸಿ ಬಿಸಿ ರೊಟ್ಟಿ! ಕಣ್ಣಾಗ ನೀರು ಬರ್ದಿದ್ರ ನನ್ನ ಹೆಸರು ದೌಲತರಾಯ ಅಲ್ಲ!”

ಮುಚ್ಚಳ ತೆಗೆದೆ. ಕಣ್ಣು ಮುಚ್ಚಿದೆ. ಗುರುಗಳನ್ನು ನೆನೆದು ಎಡಗೈಯಿಂದ ತಿದಿಯನ್ನು ಪೂರಾ ಶಕ್ತಿ ಹಾಕಿ ಒತ್ತಿದೆ.

ಸ್ವರ ಬರಲಿಲ್ಲ. ಖಾರ ಬಂತು!

ಪೇಟಿಯ ಒಡಲಿನಿಂದ ಕೆಂಪು ಮೋಡವೊಂದು ಭುಸ್ಸೆಂದು ಎದ್ದು ಮೊದಲು ನನ್ನ ಮೂಗಿಗೆ ನಮಸ್ಕಾರ ಹೇಳಿ, ಆಮೇಲೆ ಸಭೆಯ ಮೇಲೆ ಹರಡಿತು. ನಾನು ಸೀನಿದೆ. ಸೀನಿದ ರಭಸಕ್ಕೆ ಕೈ ಮತ್ತೊಮ್ಮೆ ತಿದಿ ಒತ್ತಿತು. ಇನ್ನೊಂದು ಮೋಡ! ತಬಲಾದವನು ಸೀನಿದ, ತಬಲಾ ಉರುಳಿತು. ಪಾಸ್ಟರ್ ಸಾಹೇಬರು “ಶಾಂತಿ, ಶಾಂ...” ಎಂದು ಕೈಯೆತ್ತಿದವರು ನಾಲ್ಕನೆಯ ಅಕ್ಷರಕ್ಕೆ ಆಕ್ಷೀ ಎಂದರು. ಕೂಸನ್ನು ನೋಡಲು ಬಂದ ಮೂವರು ಜ್ಞಾನಿಗಳ ವೇಷದವರು ಅಂಟಿಸಿದ ಗಡ್ಡ ಕಿತ್ತು ಮೂಗು ಒರೆಸಿಕೊಂಡರು. ಆಡಿನ ಮರಿ ಗೂಟ ಕಿತ್ತುಕೊಂಡು ಹೆಂಗಸರ ನಡುವೆ ನುಗ್ಗಿ, ಅಲ್ಲಿಂದ ಬಾಗಿಲ ದಾರಿ ಹಿಡಿಯಿತು. ಕಣ್ಣಲ್ಲಿ ನೀರು ಬಾರದವರು ಒಬ್ಬರೂ ಇರಲಿಲ್ಲ. ನನ್ನ ಮಾತು ಅಕ್ಷರಶಃ ನಿಜವಾಗಿತ್ತು!

ನನಗಾದ ಅವಮಾನವನ್ನು ಹೇಗೆ ಹೇಳಲಿ! ಉರಿಯುವ ಕಣ್ಣು ಉಜ್ಜಿಕೊಳ್ಳುತ್ತ (ಉಜ್ಜಿದಷ್ಟೂ ಉರಿ ಹೆಚ್ಚು!) ನೇರವಾಗಿ ಯಾಕೂಬಸಾಬನ ಮುಂದೆ ಹೋಗಿ ನಿಂತೆ.

“ನಿಮ್ಮದ ಈ ಕಿತಾಪತಿ! ನಿಮ್ಮ ಡಬ್ಬಿ ಮೆರೀಲಿ ಅಂತ ನನ್ನ ವಾದ್ಯದಾಗ ಖಾರ ತುಂಬೀರಿ!”

“ತೌಬಾ ತೌಬಾ! ನಾ ಬಟ್ಟಿ ಹೊಲ್ಯಾವ ಸಾಬ್, ಖಾರ ಕುಟ್ಟಾವ ಅಲ್ಲ!” ಅವನ ಗಡ್ಡವೂ ಕೆಂಪಾಗಿತ್ತು.

“ಸುಳ್ಳು! ಇದು ಸಂಚು! ಇದು ಜೀವಂತ ಸಂಗೀತದ ಕೊಲೆ! ಇದನ್ನ ನಾ ಪೊಲೀಸ್ ಠಾಣಾದ ತನಕ ಒಯ್ತೇನಿ!”

ಆಗ ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು. ದನಿಯ ಹಿಂದೆ ಸುಮಿತ್ರಾಬಾಯಿ.

“ಅವ್ರನ್ಯಾಕ ಬೈತೀರಿ? ಖಾರ ನಂದು!”

ಸೀನುಗಳೂ ಒಂದು ಗಳಿಗೆ ನಿಂತವು.

“ನಿಂದು?”

“ಎಳ್ಳಮಾಸಿ ಹಬ್ಬಕ್ಕ ಕುಟ್ಟಿಸಿದ್ದು. ಮನಿ ತುಂಬ ಇಲಿ. ಬಿಗಿ ಮುಚ್ಚಳ ಇದ್ದದ್ದು ಪೇಟಿ ಒಂದಕ್ಕ, ಅದರಾಗ ಇಟ್ಟಿದ್ನಿ. ಚೀಲ ಮೊದಲ ತಗದಿದ್ನಿ, ಒಳಗ ಉದುರಿದ್ದು ಉಳದಿತ್ತು. ಒರಸ್ತೇನಿ ಅಂದ್ರ ಕೇಳಿದ್ರೇನು? ಸಪ್ತಸ್ವರ ಅದಾವ ಅಂದ್ರಿ!”

“ವಾದ್ಯದಾಗ ಖಾರ ಇಡೂದೇನಬೇ?”

“ವರ್ಷಾನುಗಟ್ಟಲೆ ನೀವು ಅದರ ಮುಚ್ಚಳ ತಗದಿದ್ರ ನಿಮಗ ಗೊತ್ತಾಗ್ತಿತ್ತು!”

ಸಭೆ ಗೊಳ್ಳೆಂದಿತು. ಯಾಕೂಬಸಾಬ ಮಾತ್ರ ನಗಲಿಲ್ಲ. ಜುಬ್ಬಾದ ಮೇಲೆ ಬಿದ್ದ ಖಾರವನ್ನು ಒರೆಸಿಕೊಳ್ಳುತ್ತ, “ಇಷ್ಟು ವರ್ಷ ಎದುರಾಬದುರಾ ಇದ್ದೇವಿ, ಪೊಲೀಸ್ ಅಂದ್ರಲ್ಲ ಸಾಬ್,” ಎಂದ ಮೆಲ್ಲಗೆ. “ಮಾಫ್ ಮಾಡ್ರಿ,” ಎಂದೆ. ಅದೂ ಸೀನಿನಲ್ಲಿ ಅರ್ಧ ಹಾರಿಹೋಯಿತು.

ಮಾಸ್ತರರು ಗಾಬರಿಯಿಂದ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದರು. ಅದರ ಹೊಟ್ಟೆಗೂ ಖಾರ ಹೋಗಿತ್ತೋ ಏನೋ, ಹಾಡು ಕುಡುಕನಂತೆ ತೊದಲಿ ತೊದಲಿ, ಟೇಪನ್ನೆಲ್ಲ ತಿಂದು ಸುಮ್ಮನಾಯಿತು. ಪೇಟಿಯೂ ಇಲ್ಲ, ಡಬ್ಬಿಯೂ ಇಲ್ಲ. ಮಕ್ಕಳು ಅಳುಮೋರೆ ಮಾಡಿದರು. ಹಬ್ಬ ಕೆಟ್ಟಿತು, ಕೆಡಿಸಿದವನು ನಾನು!

ಆಗ ಮಾಸ್ತರರ ಮುದಿ ತಾಯಿ ಕರುಣವ್ವ ಗೋದಲಿಯ ಹತ್ತಿರ ತೆವಳಿ ಹೋಗಿ, ಬೊಂಬೆಯ ಮುಖಕ್ಕೆ ಬಿದ್ದಿದ್ದ ಖಾರವನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತ ಒರೆಸುತ್ತ, ತನಗೆ ತಾನೇ ಎಂಬಂತೆ ಎತ್ತಿಕೊಂಡಳು:

“ಜೋ ಜೋ ಎನ ಕೂಸ, ಗ್ವಾದಲ್ಯಾಗಿನ ಕೂಸ,
ಕಣಿಕಿ ಹಾಸಿಗಿ ಮ್ಯಾಲ ಮಲಗಿದ ಅರಸ...”

ನಮ್ಮ ಕಡೆ ತೊಟ್ಟಿಲು ಹಾಕುವಾಗ ಹಾಡುವ ಅದೇ ಧಾಟಿ! ಎರಡನೆಯ ಸಾಲಿಗೆ ಮುದುಕಿಗೆ ಕೆಮ್ಮು ಬಂದು ದನಿ ಒಡೆಯಿತು. ಒಡೆದ ದನಿಯನ್ನು ಇನ್ನೊಂದು ದನಿ ನೆಲಕ್ಕೆ ಬೀಳದಂತೆ ಎತ್ತಿ ಹಿಡಿಯಿತು. ಯಾರದು ಎಂದು ನೋಡಿದರೆ, ಸುಮಿತ್ರಾಬಾಯಿ! ತವರೂರು ನರೋಣದಲ್ಲಿ ಆಕೆ ಹಾಡುತ್ತಿದ್ದಳೆಂದು ಮಾವನವರು ಮದುವೆಯಲ್ಲಿ ಹೇಳಿದ ನೆನಪು. ನಮ್ಮ ಮನೆಯಲ್ಲಿ ನಾನೇ ಸಂಗೀತಗಾರನಾದ್ದರಿಂದ ಆ ವಿಷಯ ಮತ್ತೆ ಬಂದಿರಲಿಲ್ಲ.

ಹೆಂಗಸರೆಲ್ಲ ದನಿಗೂಡಿಸಿದರು. ಯಾಕೂಬಸಾಬ ಸತ್ತ ಟೇಪ್‌ರೆಕಾರ್ಡರನ್ನು ಮಗ್ಗುಲಾಗಿಸಿ ಅದರ ಬೆನ್ನ ಮೇಲೆ ಬೆರಳಿನಿಂದ ತಾಳ ಹಾಕಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಸೀನುಗಳು ಕೂಡ ಲಯ ಹಿಡಿದು ಬಂದವು ಎಂದರೆ ನಂಬುತ್ತೀರೋ ಇಲ್ಲವೋ! ಬೇಕು ಬೇಕೆಂದು ನಾನು ಓಣಿಯಲ್ಲಿ ಕೂಗಾಡಿದ ಜೀವಂತ ಸಂಗೀತ ಕಣ್ಣೆದುರಿಗೇ ನಡೆದಿತ್ತು. ಅದರಲ್ಲಿ ನನಗೊಂದು ಜಾಗವೇ ಇರಲಿಲ್ಲ.

ಮನೆಗೆ ಬರುವಾಗ ನಾನು ಗುಡುಗಿದೆ. “ನಾಕು ಮಂದ್ಯಾಗ ನನ್ನ ಮಾನ ತಗದಿ!”

“ನಾ ಖಾರ ಅಷ್ಟ ತಗೀಬೇಕಂತ ಮಾಡಿದ್ನಿ. ನೀವ ಬಿಡಲಿಲ್ಲ.”

ಕ್ರಿಸ್‌ಮಸ್ ದಿನ ಮಾಸ್ತರರು ತಟ್ಟೆ ತುಂಬ ಕೇಕು, ಕರ್ಚಿಕಾಯಿ ತಂದರು. ನಾನು ಗಂಭೀರವಾಗಿ ಶಾಲು ಹೊದ್ದು ಕುಳಿತೆ. ಕ್ಷಮೆ ಕೇಳಲು ಬಂದಿದ್ದಾರೆ, ಸ್ವಲ್ಪ ಬಿಗುಮಾನ ತೋರಿಸಿ ಒಪ್ಪಿಕೊಳ್ಳಬೇಕು! ಆದರೆ ಅವರು ನನ್ನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋದರು.

“ಅಕ್ಕಾರ, ಹೊಸ ವರ್ಷದ ಮುಂಜಾನಿ ಪ್ರಾರ್ಥನಿಗೆ ನೀವು ಹಾಡಾಕ ಬರಲೇಬೇಕ್ರಿ. ಅವ್ವ ಹಟ ಹಿಡದಾಳ.”

“ಮತ್ತ ನಾನು?” ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಮಾಸ್ತರರು ತಲೆ ಕೆರೆದುಕೊಂಡರು. ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲಾರರು. “ನೀವೂ ಬರ್ರಿ ರಾಯರ. ಹೊರಗ ಬಿಟ್ಟ ಚಪ್ಪಲಿ ನಾಯಿ ಒಯ್ಯಾಕತ್ತಾವ. ಜವಾಬ್ದಾರಿ ಇದ್ದಾವ್ರು ಒಬ್ರು ಬೇಕಾಗ್ಯದ.”

ನಾನು! ಚಪ್ಪಲಿ ಕಾಯುವುದು! ಹೋಗುವುದೇ ಇಲ್ಲವೆಂದು ಏಳು ದಿನ ಒದರಾಡಿ, ಎಂಟನೆಯ ದಿನ ಕೋಲು ಹಿಡಿದು ಹೋದೆ.

ಬಾಗಿಲ ಹೊರಗೆ ಬೇವಿನ ಮರದ ಬುಡದಲ್ಲಿ ಚಪ್ಪಲಿಗಳ ರಾಶಿಯ ಮುಂದೆ ಕುಳಿತೆ. ಚಳಿಬಿಸಿಲು. ಒಳಗೆ ಸುಮಿತ್ರಾಬಾಯಿ ಎತ್ತಿಕೊಂಡಳು. ತಪ್ಪು ಹುಡುಕಲೆಂದೇ ಕಿವಿ ನಿಮಿರಿಸಿದೆ. ಮೊದಲ ಹಾಡಿನಲ್ಲಿ ತಪ್ಪು ಸಿಗಲಿಲ್ಲ. ಎರಡನೆಯದರಲ್ಲಿ ಹುಡುಕುವುದನ್ನು ಮರೆತೆ. ಮೂರನೆಯದು ಯಾವಾಗ ಮುಗಿಯಿತೋ ಗೊತ್ತಿಲ್ಲ; ಕಣ್ಣು ತೆರೆದಾಗ ಜನ ಹೊರಗೆ ಬಂದು ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಎಲ್ಲರವೂ ಇದ್ದವು. ನನ್ನವು ಇರಲಿಲ್ಲ!

ತಣ್ಣನೆಯ ಗರಸು ಕಲ್ಲಿನ ಮೇಲೆ ಬರಿಗಾಲಲ್ಲಿ ಕುಂಟುತ್ತ ಮನೆಯ ಕಡೆ ಹೊರಟೆ.

“ಮಂದಿ ಚಪ್ಪಲಿ ಕಾದು ನಿಮ್ಮವ ಕಳಕೊಂಡ್ರಿ?” ಸುಮಿತ್ರಾಬಾಯಿ ಕೇಳಿದಳು. “ಕೈಯಾಗ ಕೋಲಿತ್ತಲ್ರಿ! ಲಕ್ಷ್ಯ ಎಲ್ಲಿತ್ತು?”

“ನಿನ್ನ ಹಾಡಿನ ಮ್ಯಾಲ,” ಎಂದು ಗೊಣಗಿದೆ.

ಆಕೆ ನಡುರಸ್ತೆಯಲ್ಲಿ ಗಕ್ಕನೆ ನಿಂತಳು.

“ಏನಂದ್ರಿ? ಇನ್ನೊಮ್ಮೆ ಅನ್ರಿ.”

ಅಕ್ಕಪಕ್ಕ ಜನ ನಡೆದಿದ್ದರು. ಯಾಕೂಬಸಾಬ ಕಿವಿ ಇತ್ತ ತಿರುಗಿಸಿದ್ದ.

“ಚಪ್ಪಲಿ ಹೋತು ಅಂದ್ನಿ!” ಎಂದು ಒದರಿದೆ.