ಗೃಹಪ್ರವೇಶಕ್ಕೆ ಹೋದ ಜರಿಗಿಡ

ರುದ್ರೇಶನಿಗೆ ಒಂದು ಕಾಯಿಲೆ ಇತ್ತು. ಬಿ.ಪಿ. ಅಲ್ಲ, ಸಕ್ಕರೆ ಅಲ್ಲ; ಅವೆರಡನ್ನೂ ಜಿ.ಪಿ. ಡಾಕ್ಟರು ನೋಡಿ ಗಟ್ಟಿಮುಟ್ಟಾಗಿದ್ದೀಯ ಎಂದು ಕಳಿಸಿಯಾಗಿತ್ತು. 'ನನಗೆ ಗೊತ್ತಿಲ್ಲ' ಎಂಬ ಎರಡು ಪದ ಮಾತ್ರ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಲಂಡನ್ನಿನ ಟ್ಯೂಬ್ ರೈಲಿನಲ್ಲಿ ಅಪರಿಚಿತರು ದಾರಿ ಕೇಳಿದರೆ ತಿಳಿಯದಿದ್ದರೂ ಹೇಳಿ, ಮುಂದಿನ ಸ್ಟೇಷನ್ನಿನಲ್ಲಿ ತಾನೇ ಇಳಿದು ಮರೆಯಾಗುವ ಜಾತಿ.

"ಬಾಯಿದ್ದವ ಬರಗಾಲದಾಗೂ ಬದುಕಿದ ಅಂತಾರ. ನೀವು ಬಾಯಿಂದನ ಬರಗಾಲ ತರ್ತೀರಿ" ಎಂದು ಹೆಂಡತಿ ಸ್ಮೃತಿ ಹೇಳುತ್ತಲೇ ಇದ್ದಳು.

ರೇನರ್ಸ್ ಲೇನಿನಲ್ಲಿ ಅವರ ಪಕ್ಕದ ಮನೆಯವರು ಮಿಸ್ ಬೆರಿಲ್. ಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನಾಲ್ಕು ವರ್ಷದ ಹಿಂದೆ ಬೇಲಿಯಾಚೆಯಿಂದ "ಊರಿನಲ್ಲಿ ಏನು ಓದಿದ್ದು?" ಎಂದು ಕೇಳಿದ್ದರು. "ಧಾರವಾಡದ ಕೃಷಿ ವಿಶ್ವವಿದ್ಯಾಲಯದ..." ಎಂದು ರುದ್ರೇಶ ಶುರುಮಾಡಿದ. ಅವನು ಬಿ.ಕಾಂ. ಓದುವಾಗ ಬಾಡಿಗೆಗಿದ್ದ ಕೋಣೆ ಆ ವಿಶ್ವವಿದ್ಯಾಲಯದ ಗೇಟಿನ ಎದುರಿಗಿತ್ತು, ಅಷ್ಟೇ. ಆದರೆ ವಾಕ್ಯ ಮುಗಿಯುವ ಮೊದಲೇ ಮಿಸ್ ಬೆರಿಲ್ "ಕೃಷಿ ವಿಜ್ಞಾನಿ! ನನ್ನ ಪಕ್ಕದಲ್ಲೇ!" ಎಂದು ಚಪ್ಪಾಳೆ ತಟ್ಟಿದರು. ಆ ವಾಕ್ಯ ಇವತ್ತಿಗೂ ಪೂರ್ತಿಯಾಗಿಲ್ಲ; ಬಿರುದು ಮಾತ್ರ ಅವನ ಆಫೀಸಿನವರೆಗೂ ಹಬ್ಬಿತ್ತು.

ಅದರ ಫಲವಾಗಿಯೇ ಈಗ ಅವರ ಗಾಜಿನ ಮನೆಯ ಕೀಲಿ ರುದ್ರೇಶನ ಜೇಬಿಗೆ ಬಂದಿತ್ತು. ಅದರೊಳಗೆ ಇದ್ದದ್ದು ಒಂದೇ ಗಿಡ. ಗಿಡ ಅಂದರೆ ಅದಕ್ಕೆ ಅವಮಾನ. ಉಷ್ಣವಲಯದ ಮಳೆಕಾಡಿನ ರಾಕ್ಷಸ ಜರಿಗಿಡ. ಆನೆಯ ಪಾದದಂಥ ಬುಡದಿಂದ ಏಳು ಗರಿಗಳು ಎದ್ದು, ಒಂದೊಂದೂ ಹತ್ತಡಿ ಮೀರಿ, ಮೇಲಿನ ಗಾಜಿಗೆ ತಲೆ ಒತ್ತಿ ನಿಂತಿದ್ದವು. ಹೂ ಇಲ್ಲ, ಕಾಯಿ ಇಲ್ಲ, ಬೀಜವೂ ಇಲ್ಲ. ಎಲೆಯ ಹಿಂಬದಿಯಲ್ಲಿ ಸಾಲಾಗಿ ಕೂತ ಕಂದು ಚುಕ್ಕೆಗಳ ಧೂಳಿನಿಂದಲೇ ಇದರ ಸಂಸಾರ ನಡೆಯುವುದು. ಅಂಥ ಒಂದು ಕಣದಿಂದ ಮಿಸ್ ಬೆರಿಲ್ ಇದನ್ನು ಇಪ್ಪತ್ತಾರು ವರ್ಷ ಸಾಕಿ ದೊಡ್ಡದು ಮಾಡಿದ್ದರು. ಮದುವೆ, ಮಕ್ಕಳು ಇಲ್ಲದ ಅವರಿಗೆ ಮನೆಮಂದಿ ಎಂದರೆ ಇದೊಂದೇ.

ತಂಗಿಯ ಮನೆಗೆ ಹದಿನೈದು ದಿನ ಹೊರಟಾಗ ಅವರು ನಾಲ್ಕು ಪುಟದ ಕಾಗದ ಬರೆದು, ಗಾಜಿನ ಮನೆಯ ಮೊಳೆಗೆ ತೂಗುಹಾಕಿ, "ನಿಮ್ಮಂಥ ತಿಳಿದವರನ್ನು ಬಿಟ್ಟು ಬೇರೆ ಯಾರಿಗೂ ಇದನ್ನು ಒಪ್ಪಿಸುತ್ತಿರಲಿಲ್ಲ" ಎಂದಿದ್ದರು. ಆಗ ಅವರ ಕಣ್ಣು ಒದ್ದೆಯಾಗಿತ್ತು. ರುದ್ರೇಶ ಮೊದಲನೆಯ ಪುಟ ಓದಿದ. ದಿನಕ್ಕೆರಡು ಸಲ ನೀರು ಎಂದಿತ್ತು. "ಗೊತ್ತಿದ್ದದ್ದ ಬರದಾರ" ಎಂದು ಉಳಿದ ಮೂರು ಪುಟ ಹಾಗೆಯೇ ಬಿಟ್ಟ.

ಹತ್ತನೆಯ ದಿನ ಭಾನುವಾರ. ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಕ್ಯಾನರಿ ವಾರ್ಫಿನಲ್ಲಿ ಅವನ ಆಫೀಸಿನಲ್ಲೇ ಇರುವ ವಿಜಯಪುರದ ವಿಕಾಸ. ವೆಂಬ್ಲಿಯ ಸ್ಟೇಡಿಯಂ ಹತ್ತಿರ ಹೊಸ ಫ್ಲ್ಯಾಟ್, ಅವತ್ತೇ ಗೃಹಪ್ರವೇಶ.

"ಸರ, ಬಾಳಿಕಂಬ ಸಿಗವಲ್ದು! ಈಲಿಂಗ್ ರೋಡಿನ ನಮ್ಮ ಮಂದಿ ಅಂಗಡ್ಯಾಗ ಒಂದೂ ಉಳದಿಲ್ಲ. ಇವತ್ತ ಲಂಡನ್ನಿನಾಗ ಎಲ್ಲಾರದೂ ಮುಹೂರ್ತ ಅಂತ. ಬಾಗಲಿಗೆ ಹಸರ ಇಲ್ಲದ ಹೆಂಗ ಒಳಗ ಹೋಗೂದು ಅಂತ ಅಪ್ಪ ಬ್ಯಾಗಿನ ಮ್ಯಾಲೆ ಕುಂತುಬಿಟ್ಟಾನ. ನಿಮಗ ಗಿಡದ್ದೆಲ್ಲ ಗೊತ್ತಲ್ಲ, ಏನರ ದಾರಿ ಐತೇನ್ರಿ?"

'ಗೊತ್ತಿಲ್ಲಪಾ' ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ರುದ್ರೇಶ ಕಿಟಕಿಯಿಂದ ಪಕ್ಕದ ಗಾಜಿನ ಮನೆ ನೋಡಿದ. "ಬಾಳಿಗಿಂತ ಭಾರಿ ಐಟಂ ಐತಿ ನನ್ನ ಹತ್ರ. ವ್ಯಾನ್ ಕಳಸು" ಎಂದ.

"ಮಂದಿ ಗಿಡಾರೀ ಅದು!" ಎಂದು ಸ್ಮೃತಿ ಹಾಸಿಗೆಯಿಂದಲೇ ಕೂಗಿದಳು.

"ಎರಡು ಗರಿ ತಗದ್ರ ಮತ್ತ ಚಿಗರ್ತದ. ಅವರು ಬರೋದು ಇನ್ನೂ ಐದು ದಿನಕ್ಕ."

ಬಾಗಿಲಿಗೆ ಎರಡು. ಮತ್ತೆ ಯೋಚಿಸಿದ, ದೇವರ ಮಂಟಪಕ್ಕೂ ಎರಡು ಇರಲಿ. ಹೀಗೆ ನಾಲ್ಕಾಯಿತು. ತೋಳಿನಷ್ಟು ದಪ್ಪದ ದಂಟಿಗೆ ಗರಗಸವೇ ಬೇಕೆಂದುಕೊಂಡಿದ್ದವನಿಗೆ ಆಶ್ಚರ್ಯ. ಅಡುಗೆ ಚಾಕು ಸೌತೆಕಾಯಿ ಕೊಯ್ದ ಹಾಗೆ ಹೋಯಿತು, ಬುಳಬುಳ ನೀರು ಸುರಿಯಿತು. ಆ ವಂಶ ಡೈನೋಸಾರುಗಳಿಗಿಂತ ಹಳೆಯದೆಂದು ಕಾಗದದ ಎರಡನೆಯ ಪುಟದಲ್ಲಿತ್ತು. ಅವು ಮೇಯ್ದು ಮುಗಿಸಲಾಗದ್ದನ್ನು ರುದ್ರೇಶ ಹತ್ತು ನಿಮಿಷದಲ್ಲಿ ಅರ್ಧ ಮಾಡಿದ್ದ.

ವೆಂಬ್ಲಿಯಲ್ಲಿ ಆ ಗರಿಗಳಿಗೆ ಸಿಕ್ಕ ಮರ್ಯಾದೆ ಮದುಮಗನಿಗೂ ಸಿಗದು. ವಿಕಾಸನ ಹೆಂಡತಿ ಅಂಕಿತಾ ಎದುರು ನಿಂತು ಸೆಲ್ಫಿ ತೆಗೆದಳು. ಪೂಜೆಗೆ ಬಂದ ಐನೋರು ದಂಟಿಗೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಅರಿಸಿನದ ದಾರ ಕಟ್ಟಿದರು. ವಿಕಾಸನ ತಂದೆ ಮುರಿಗೆಪ್ಪ, ಮೂವತ್ತು ವರ್ಷ ದ್ರಾಕ್ಷಿ ಬೆಳೆದು ಈಗ ಮಗನ ಮನೆ ನೋಡಲು ಬಂದವರು, ಗರಿಯನ್ನೂ ರುದ್ರೇಶನನ್ನೂ ಸರದಿಯಂತೆ ದಿಟ್ಟಿಸಿದರು.

"ಅಗ್ರಿ ಓದೀರಂತ. ಧಾರವಾಡದಾಗೇನು?"

"ಹ್ಞಂ... ಅಲ್ಲೇ."

"ಯಾವ ಬ್ಯಾಚು? ನಮ್ಮ ತಮ್ಮ ಅಲ್ಲೇ ಪ್ರೊಫೆಸರ್ ಅದಾನ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ರುದ್ರೇಶ ಟೈ ಸರಿಮಾಡಿಕೊಂಡ. ಪುಣ್ಯಕ್ಕೆ ಮಂಗಳಾರತಿಯ ಗಂಟೆ ಮೊಳಗಿತು.

ಆರತಿ ಎತ್ತಿದ ಹೊತ್ತಿಗೆ ಬಾಗಿಲ ಎಡಗಡೆಯ ಗರಿ ಮೆಲ್ಲಗೆ ಬಾಗಿತು. "ನೋಡ್ರೀ, ದೇವರಿಗೆ ನಮಸ್ಕಾರ ಮಾಡಾಕತ್ತದ!" ಎಂದು ಹೆಂಗಸರೊಬ್ಬರು ಕೈಮುಗಿದರು. ಬಲಗಡೆಯದೂ ನಮಸ್ಕರಿಸಿತು. ಮಂಟಪದ ಎರಡು ಗರಿಗಳು ಒಂದು ಹೆಜ್ಜೆ ಮುಂದೆ ಹೋಗಿ, ನೇರ ಐನೋರ ಬೆನ್ನ ಮೇಲೆ ಸಾಷ್ಟಾಂಗ ಬಿದ್ದವು. ಬಿದ್ದ ಹೊಡೆತಕ್ಕೆ ಎಲೆಯ ಹಿಂದಿನ ಕಂದು ಧೂಳು ಎದ್ದು, ಪಕ್ಕದಲ್ಲಿ ಮುಚ್ಚದೆ ಇಟ್ಟಿದ್ದ ನೂರಿಪ್ಪತ್ತು ಹೋಳಿಗೆಗಳ ಮೇಲೆ ಇಳಿಯಿತು.

"ಹುಳಾ! ಹುಳಾ!" ಎಂದು ಚೀರಾಟವಾಯಿತು.

ಮುರಿಗೆಪ್ಪ ದಂಟನ್ನು ಮುರಿದು ನೋಡಿ, ಎಲ್ಲರಿಗೂ ಕೇಳುವಂತೆ ಪಾಠ ಮಾಡಿದರು. "ಹುಳಾ ಅಲ್ಲ ಬಿಡ್ರಿ, ಗಿಡದ ಬೀಜಧೂಳು. ಆದ್ರ ಇದರಾಗ ಕಟಗಿ ಅನ್ನೂದ ಇಲ್ಲ. ಬರೇ ನೀರಿನ ಜೋರಿನ ಮ್ಯಾಲೆ ನಿಲ್ಲೂ ಗಿಡ ಇದು. ಕೊಯ್ದ್ರ ಗಾಳಿ ಬಿಟ್ಟ ಸೈಕಲ್ ಟ್ಯೂಬ್ ಆಗ್ತದ. ಅಲ್ರೀ ರುದ್ರೇಶ, ಅಗ್ರಿ ಓದಿದಾವ್ರಿಗೆ ಇಷ್ಟೂ ಗೊತ್ತಾಗಲಿಲ್ಲೇನ್ರಿ?"

ಎಲ್ಲರ ಕಣ್ಣು ರುದ್ರೇಶನ ಮೇಲಿದ್ದಾಗಲೇ ಅವನ ಫೋನ್ ಗುಯ್ಗುಟ್ಟಿತು. ಮಿಸ್ ಬೆರಿಲ್ ಅವರ ಸಂದೇಶ. 'ಇರಲಾಗಲಿಲ್ಲ. ಇವತ್ತೇ ಬರುತ್ತಿದ್ದೇನೆ. ಐದು ಗಂಟೆಗೆ ಗಾಜಿನ ಮನೆಯಲ್ಲಿ ಸಿಗೋಣ.'

ರುದ್ರೇಶನಿಗೆ ನಾಚಿಕೆಯಾಯಿತು. ಸಣ್ಣಪುಟ್ಟ ನಾಚಿಕೆಯಲ್ಲ, ಎಂಟನೆಯ ವಯಸ್ಸಿನಲ್ಲಿ ಪಕ್ಕದ ಮನೆಯ ಉಪ್ಪಿನಕಾಯಿ ಭರಣಿ ಒಡೆದು ಅಟ್ಟದಲ್ಲಿ ಅಡಗಿದ್ದಾಗ ಆದಂಥದ್ದು. ಒಂಟಿ ಹೆಂಗಸು, ಇಪ್ಪತ್ತಾರು ವರ್ಷ, ನಂಬಿ ಕೊಟ್ಟ ಕೀಲಿ. ಹೋಳಿಗೆಯೂ ಬೇಡ, ಊಟವೂ ಬೇಡ ಎನಿಸಿತು.

ವ್ಯಾನ್ ಬೇಸ್‌ಮೆಂಟಿನಲ್ಲಿ ಬೇರೆ ಕಾರುಗಳ ಹಿಂದೆ ಸಿಕ್ಕಿಕೊಂಡಿತ್ತು. ರುದ್ರೇಶ ಬಾಡಿದ ನಾಲ್ಕೂ ಗರಿಗಳನ್ನು ಹೆಗಲಿಗೇರಿಸಿ, ಜೊತೆಗೆ ಬಂದಿದ್ದ ಸ್ಮೃತಿಯನ್ನು ಹಿಂದಿನ ತುದಿಗೆ ನಿಲ್ಲಿಸಿ, ವೆಂಬ್ಲಿ ಪಾರ್ಕಿನಿಂದ ಮೆಟ್ರೊಪಾಲಿಟನ್ ಲೈನಿನ ರೈಲು ಹತ್ತಿದ. ಬೋಗಿಯ ಅರ್ಧ ಜನ ಸೀನತೊಡಗಿದರು. ಒಬ್ಬ ಅಜ್ಜಿ ಮೊಣಕಾಲ ಮೇಲಿಂದ ಎಲೆ ಸರಿಸುತ್ತ "ಚೆನ್ನಾಗಿದೆ, ಏನಿದು?" ಎಂದರು.

"ಫಿಲಿಪೈನ್ಸ್ ಬಾಳೆ" ಎಂದ ರುದ್ರೇಶ. ಸ್ಮೃತಿ ಹಣೆ ಚಚ್ಚಿಕೊಂಡಳು.

ಮನೆಗೆ ಬಂದು ಗರಿಗಳನ್ನು ಬಾತ್‌ಟಬ್ಬಿನಲ್ಲಿ ಮುಳುಗಿಸಿದ. ಅವು ನೀರು ಕುಡಿಯಲಿಲ್ಲ. ಸಕ್ಕರೆ ಹಾಕಿದ, ಆಮೇಲೆ ಉಪ್ಪು ಹಾಕಿದ. ಕಡೆಗೆ ಕಿಟಕಿಯ ಪರದೆಕೋಲುಗಳನ್ನು ಕಿತ್ತು, ಗರಿಗಳನ್ನು ಅವಕ್ಕೆ ಬಿಗಿದು, ಕೋಲುಗಳನ್ನು ಕುಂಡದ ಮಣ್ಣಿಗೆ ಚುಚ್ಚಿ ನಿಲ್ಲಿಸಿದ. ದೂರದಿಂದ ನೋಡಿದರೆ ಗಿಡದ ಹಾಗೆ ಕಾಣುತ್ತಿತ್ತು, ಬಹಳ ದೂರದಿಂದ.

"ಸುಮ್ನ ಖರೇ ಹೇಳಿಬಿಡ್ರಿ" ಎಂದಳು ಸ್ಮೃತಿ. "ಈ ವಯಸ್ಸಿನಾಗ ಎಷ್ಟಂತ ಸುಳ್ಳು ಹೊರ್ತೀರಿ?"

ಸರಿಯಾಗಿ ಐದಕ್ಕೆ ಮಿಸ್ ಬೆರಿಲ್ ಬಂದರು. ಬ್ಯಾಗನ್ನೂ ಇಳಿಸದೆ ಗಾಜಿನ ಮನೆಯೊಳಗೆ ಕಾಲಿಟ್ಟರು. ಅದೇ ಹೊತ್ತಿಗೆ ಒಂದು ಪರದೆಕೋಲು ವಾಲಿ, ಗರಿ ಅವರ ಕಾಲ ಬುಡದಲ್ಲಿ ಬಿತ್ತು. ಅವರು ಬಗ್ಗಿ ದಂಟಿನ ಮೇಲಿನ ವಿಭೂತಿ, ಕುಂಕುಮ, ಹಳದಿ ದಾರವನ್ನು ಬೆರಳಲ್ಲಿ ಮುಟ್ಟಿದರು. ಕೊಯ್ದ ಜಾಗಗಳನ್ನು ಒಂದೊಂದಾಗಿ ನೇವರಿಸಿದರು. ಆಮೇಲೆ ಸದ್ದಿಲ್ಲದೆ ಅಳತೊಡಗಿದರು.

ರುದ್ರೇಶನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಾಲ್ಕು ವರ್ಷ ತಡೆದಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

"ಮಿಸ್ ಬೆರಿಲ್, ತಪ್ಪು ನನ್ನದು. ಗೃಹಪ್ರವೇಶಕ್ಕೆ ಬಾಳೆಕಂಬ ಸಿಗಲಿಲ್ಲ, ಅದಕ್ಕೆ ಕೊಯ್ದೆ. ನಾನು ಕೃಷಿ ಓದಿದವನೇ ಅಲ್ಲ, ಬಿ.ಕಾಂ. ನನ್ನ ರೂಮು ಆ ಗೇಟಿನ ಎದುರಿಗಿತ್ತು, ಅಷ್ಟೇ. ಗಿಡದ ವಿಷಯ ನನಗೆ... ನನಗೆ ಗೊತ್ತಿಲ್ಲ."

ಜೀವಮಾನದಲ್ಲಿ ಮೊದಲ ಸಲ ಆ ಎರಡು ಪದ ಬಾಯಿಂದ ಬಿದ್ದಿದ್ದವು. ಎದೆ ಹಗುರಾಯಿತು. ಸ್ಮೃತಿ ಅವನನ್ನು ಮದುವೆಯಾದ ವರ್ಷದಲ್ಲಿ ನೋಡಿದ ಹಾಗೆ ನೋಡಿದಳು.

ಮಿಸ್ ಬೆರಿಲ್ ಕಣ್ಣೊರೆಸಿಕೊಂಡು ನಕ್ಕರು. "ನನಗೆ ನೋವಾಗಬಾರದು ಅಂತ ಗರಿಗಳನ್ನು ಮತ್ತೆ ನಿಲ್ಲಿಸಿ, ಇಷ್ಟು ದೊಡ್ಡ ಕತೆ ಕಟ್ಟಿದಿರಾ? ನಾಲ್ಕನೆಯ ಪುಟದಲ್ಲಿ ಬರೆದದ್ದನ್ನು ಅಕ್ಷರಶಃ ಮಾಡಿದ್ದೀರಿ. ಬೇಡ, ಇನ್ನು ಮುಚ್ಚಿಡಬೇಡಿ."

ರುದ್ರೇಶ ಮೊಳೆಯ ಕಾಗದ ಕಿತ್ತು, ನಾಲ್ಕನೆಯ ಪುಟ ತಿರುವಿದ. 'ಇದನ್ನು ಎದುರು ನಿಂತು ಹೇಳಲು ನನಗೆ ಧೈರ್ಯವಿಲ್ಲ. ಗಿಡ ಗಾಜಿನ ಮನೆ ಮೀರಿ ಬೆಳೆದಿದೆ. ನಾನು ಕಲಿಸಿದ ಸ್ಕೂಲಿನ ಹೊಸ ಗಾಜಿನ ಮನೆಗೆ ಇದನ್ನು ಕೊಟ್ಟಿದ್ದೇನೆ. ವ್ಯಾನಿನಲ್ಲಿ ಹಿಡಿಸಲು ಹಳೆಯ ನಾಲ್ಕು ಗರಿಗಳನ್ನು ಕೊಯ್ಯಲೇಬೇಕು. ನನ್ನ ಕೈಯಲ್ಲಿ ಆಗದು. ಅದಕ್ಕೇ ಊರು ಬಿಟ್ಟು ಹೋಗುತ್ತಿದ್ದೇನೆ. ತಿಳಿದವರು ನೀವು, ನಾನಿಲ್ಲದಾಗ ಮಾಡಿ ಮುಗಿಸಿ.'

"ಕೊಯ್ಯುವ ಮುಂಚೆ ನಿಮ್ಮ ಪದ್ಧತಿಯಂತೆ ಪೂಜೆ ಮಾಡಿ ಬೀಳ್ಕೊಟ್ಟಿದ್ದೀರಿ" ಎಂದು ಮಿಸ್ ಬೆರಿಲ್ ಅವನ ಕೈ ಹಿಡಿದರು. "ನನ್ನ ಗಿಡಕ್ಕೆ ಇಷ್ಟು ಗೌರವ ಯಾರೂ ಕೊಟ್ಟಿರಲಿಲ್ಲ."

"ಇಲ್ಲ ಮೇಡಂ, ನಿಜವಾಗಿಯೂ ನಾನು ಈ ಪುಟ ಓದಲೇ ಇಲ್ಲ! ನನಗೆ ಗೊತ್ತಿಲ್ಲ!"

"ಎಂಥ ವಿನಯ. ನೀವು ಪೂರ್ತಿ ಇಂಗ್ಲಿಷರಾಗಿಬಿಟ್ಟಿದ್ದೀರಿ."

ಹೊಗಳಿಕೆ ಬೈಗುಳಕ್ಕಿಂತ ಜೋರಾಗಿ ಚುಚ್ಚುತ್ತದೆಂದು ರುದ್ರೇಶನಿಗೆ ಅವತ್ತೇ ತಿಳಿದದ್ದು. ಅವನು ನೆಲ ನೋಡುತ್ತ ನಿಂತಿದ್ದಾಗ ಮಿಸ್ ಬೆರಿಲ್ ಚಾಕು ತಂದು, ಕೊಯ್ದ ಒಂದೊಂದು ದಂಟಿನ ಬುಡದಿಂದ ಕಿವಿಯಂಥ ಎರಡೆರಡು ದಪ್ಪ ತುಂಡು ಬಿಡಿಸಿ ತೆಗೆದರು. ಒದ್ದೆ ಪಾಚಿಯಲ್ಲಿ ಹೂತರೆ ಪ್ರತಿಯೊಂದು ಕಿವಿಯೂ ಚಿಗುರಿ ಇನ್ನೊಂದು ರಾಕ್ಷಸ ಜರಿಗಿಡವಾಗುತ್ತದಂತೆ. ಎಂಟು ಕಿವಿ, ಎಂಟು ಕುಂಡ. ಎಂಟನ್ನೂ ರುದ್ರೇಶನ ಕೈಗಿತ್ತು, "ಇವು ನಿಮಗೆ. ಇವಕ್ಕೆ ನಿಮ್ಮಷ್ಟು ತಕ್ಕವರು ಬೇರೆ ಯಾರೂ ಇಲ್ಲ. ಮತ್ತೆ ಶನಿವಾರ ಸ್ಕೂಲಿನಲ್ಲಿ ಗಿಡದ ಸ್ವಾಗತ ಸಮಾರಂಭ. ಒಂದು ಗಂಟೆ ನಿಮ್ಮ ಉಪನ್ಯಾಸ ಅಂತ ಹೆಡ್‌ಟೀಚರ್‌ಗೆ ಆಗಲೇ ಹೇಳಿದ್ದೇನೆ" ಎಂದರು.

ರಾತ್ರಿಯೂಟಕ್ಕೆ ಮೊದಲೇ ಎಂಟು ಕುಂಡಗಳು ಪರದೆಯಿಲ್ಲದ ಕಿಟಕಿಯಲ್ಲಿ ಸಾಲಾಗಿ ಕೂತವು. ರುದ್ರೇಶ ಸೋಫಾದಲ್ಲಿ ಮುಖ ಮುಚ್ಚಿಕೊಂಡು ಕೂತ.

"ಉಪನ್ಯಾಸದ ಸುದ್ದಿ ನಮ್ಮ ಮಂದಿ ವಾಟ್ಸ್ಯಾಪ್ ಗ್ರೂಪಿಗೆ ಹಾಕೀನಿ" ಎಂದಳು ಸ್ಮೃತಿ, ಪರದೆಕೋಲಿನ ಮಣ್ಣು ಒರೆಸುತ್ತ. "ಮಾಡಿದ್ದುಣ್ಣೋ ಮಹಾರಾಯ. ಈ ಸಲ ನಾನು ಬಿಡಿಸೂದಿಲ್ಲ."

ಫೋನ್ ಗುಯ್ಗುಟ್ಟಿತು. ಮುರಿಗೆಪ್ಪನವರ ಸಂದೇಶ.

'ಶನಿವಾರ ನಿಮ್ಮ ಭಾಷಣ ಅಂತ. ಭಾಳ ಚಲೋ ಆತು. ನಮ್ಮ ತಮ್ಮಗ ಹೇಳೀನಿ, ಧಾರವಾಡದಿಂದ ವಿಡಿಯೋದಾಗ ಕುಂತು ಕೇಳ್ತಾನಂತ. ಅವನ ಡಿಪಾರ್ಟ್‌ಮೆಂಟಿನಾವ್ರೂ ಬರ್ತಾರ. ನೀವು ಯಾವ ಬ್ಯಾಚು ಅಂತ ಕೇಳಾಕತ್ತಾರ.'

ರುದ್ರೇಶ 'ನನಗೆ ಗೊತ್ತಿಲ್ಲ' ಎಂದು ಟೈಪ್ ಮಾಡಿದ. ಕಳಿಸಲಿಲ್ಲ. ಎದ್ದು ಎಂಟು ಕುಂಡಗಳಿಗೂ ನೀರು ಹಾಕಿದ, ದಿನಕ್ಕೆರಡು ಸಲವೆಂಬ ಆ ಒಂದು ಸಂಗತಿ ಮಾತ್ರ ಅವನಿಗೆ ಖಂಡಿತವಾಗಿ ಗೊತ್ತಿತ್ತು.